ಬೆಸ ಮೇಷ್ಟ್ರ ಪರಿಪೂರ್ಣ ಸಂಖ್ಯೆ

ಲೆಕ್ಕದ ಮೇಷ್ಟ್ರಿಗೆ ಬೆಸ ಮೇಷ್ಟ್ರು ಎಂಬ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ. ಆರನ್ನು ಬಿಟ್ಟು, ಅದನ್ನು ಶೇಷವಿಲ್ಲದೆ ಭಾಗಿಸುವ ಒಂದು, ಎರಡು, ಮೂರನ್ನು ಕೂಡಿದರೆ ಮತ್ತೆ ಆರೇ ಬರುತ್ತದೆ. ಇಪ್ಪತ್ತೆಂಟಕ್ಕೂ ಇದೇ ಗುಣ. ಇಂಥವಕ್ಕೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. ಈವರೆಗೆ ಸಿಕ್ಕಿದ್ದೆಲ್ಲ ಸಮಸಂಖ್ಯೆಗಳೇ. ಬೆಸದಲ್ಲಿ ಒಂದಾದರೂ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದನ್ನು ಹುಡುಕುವ ಹುಚ್ಚು ಮೇಷ್ಟ್ರಿಗೆ ಮದುವೆಗೆ ಮುಂಚೆಯೇ ಹತ್ತಿತ್ತು. ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿನ ಮೇಲೆಲ್ಲ ಗುಣಾಕಾರ, ಭಾಗಾಕಾರ. ಕರೆದರೆ ಕೇಳಿಸದು, ಬಡಿಸಿದ್ದು ಆರಿ ತಣ್ಣಗಾಗುವುದು. "ನಂಗೆ ಸವತಿ ಇದಾಳೆ, ಮೈತುಂಬ ಅಂಕಿ" ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ನಗುತ್ತಿದ್ದಳು. ಒಳಗೆ ನಗು ಬರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ಅಡುಗೆಮನೆಗೇ ಓಡಿಬಂದರು.

"ಸಿಕ್ತು ಕಣೇ!"

198585576189. ಮೂರು, ಏಳು, ಹನ್ನೊಂದು, ಹದಿಮೂರರ ವರ್ಗಗಳನ್ನು ಗುಣಿಸಿ, ಅದನ್ನು 22021ರಿಂದ ಗುಣಿಸಿದರೆ ಬರುವ ಸಂಖ್ಯೆ. ಆ ಕೊನೆಯದು ಅವಿಭಾಜ್ಯವಾಗಿದ್ದರೆ, ಅಂದರೆ ಒಂದು ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದಿದ್ದರೆ, ಅದನ್ನು ಭಾಗಿಸುವವುಗಳ ಮೊತ್ತ ಕೂದಲೆಳೆಯಷ್ಟೂ ತಪ್ಪದೆ ಅದೇ ಸಂಖ್ಯೆಗೆ ಕೂಡಿಬರುತ್ತದೆ.

ಹೆಂಡತಿ ಕೈ ಒರೆಸಿಕೊಂಡು ಕುಳಿತಳು. "ಸದ್ಯ, ಮುಗೀತಲ್ಲ. ಇನ್ನಾದ್ರೂ ನನ್ ತಂಗಿ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರೋಣ್ವಾ?"

"ಹೋಗೋಣ. ಎಲ್ಲಿಗೆ ಅಂದ್ರೆ ಅಲ್ಲಿಗೆ."

ಮರುದಿನ ಇಸ್ತ್ರಿ ಅಂಗಿ ತೊಟ್ಟು ಕಾಲೇಜಿಗೆ ಹೋದರು. ಅಲ್ಲಿನ ಗಣಿತದ ಪ್ರೊಫೆಸರ್ ಹೆಂಗಸು ಸಂಖ್ಯೆಯನ್ನು ನೋಡುತ್ತಲೇ ಕನ್ನಡಕ ತೆಗೆದರು.

"ಮೇಷ್ಟ್ರೇ, ಇಪ್ಪತ್ತೆರಡು ಸಾವಿರದ ಇಪ್ಪತ್ತೊಂದನ್ನ ಹತ್ತೊಂಬತ್ತರಿಂದ ಭಾಗಿಸಿದ್ರಾ?"

"ಭಾಗಿಸ್ದೆ. ಹೋಗಲ್ಲ."

"ಇನ್ನೊಂದ್ಸಲ ನೋಡಿ."

ನೋಡಿದರು. ಹೋಯಿತು. ಸಂಭ್ರಮದ ಅವಸರದಲ್ಲಿ ಒಂದು ಕಡೆ ಕಳೆಯುವ ಲೆಕ್ಕ ತಪ್ಪಿದ್ದರು.

"ಬೇಜಾರು ಮಾಡ್ಕೋಬೇಡಿ" ಎಂದರು ಪ್ರೊಫೆಸರ್. "ನೂರಾರು ವರ್ಷದ ಹಿಂದೆ ಒಬ್ರು ಇದೇ ಸಂಖ್ಯೆ ಹಿಡಿದು, ಈ ತುಂಡೊಂದು ಅವಿಭಾಜ್ಯ ಆಗಿದ್ದಿದ್ರೆ ಅಂತ ಬರೆದಿಟ್ಟಿದಾರೆ."

"ಹಾಗಾದ್ರೆ ಕಂಡಿದ್ದೂ ನಾನಲ್ಲ ಅನ್ನಿ" ಎಂದು ಮೇಷ್ಟ್ರು ಎದ್ದರು.

ತಂಗಿಯ ಮನೆಗೆ ಹೋಗಿಬಂದರು. ಅಲ್ಲಿ ಕೇಳಿದ್ದಕ್ಕೆಲ್ಲ ಮೇಷ್ಟ್ರು ಹೂಂ ಎಂದರು. ವಾಪಸು ಬಂದ ಮೇಲೂ ಕುರ್ಚಿಯಲ್ಲಿ ಸುಮ್ಮನೆ ಕೂತಿರುವರು. ಕರೆದರೆ ತಕ್ಷಣ ಬರುವರು, ಬಡಿಸಿದರೆ ಬಿಸಿಯಾಗಿಯೇ ಉಣ್ಣುವರು. ಇದೇ ಸುಖವನ್ನು ಇಷ್ಟು ವರ್ಷ ಬಯಸಿದ್ದ ಹೆಂಡತಿಗೆ ಈಗ ಅದನ್ನು ಕಂಡೇ ಭಯವಾಯಿತು. ಒಂದು ದಿನ ಅವಳೇ ಕಾಗದ, ಪೆನ್ಸಿಲ್ ತಂದು ಮುಂದಿಟ್ಟಳು.

"ಮತ್ತೆ ಶುರು ಮಾಡ್ರೀ. ನಾನೇನೂ ಅನ್ನಲ್ಲ."

ಮೇಷ್ಟ್ರು ಪೆನ್ಸಿಲಿನ ಮೊನೆ ಮುಟ್ಟಿ ನೋಡಿ ಕೆಳಗಿಟ್ಟರು.

"ಅಂಥದ್ದು ಇಲ್ವೇ ಇಲ್ಲ ಅಂತ ಯಾರಾದ್ರೂ ಹೇಳ್ಬಿಟ್ಟಿದ್ರೂ ಆಗ್ತಿತ್ತು ಕಣೇ. ಅದೂ ಯಾರಿಗೂ ಗೊತ್ತಿಲ್ಲ."

ಅವಳು ಕಾಗದ, ಪೆನ್ಸಿಲನ್ನು ಅಲ್ಲೇ ಬಿಟ್ಟು, ಒಣಗಿದ ಬಟ್ಟೆ ತೆಗೆಯಲು ಹೋದಳು.