ಮೂರನೆಯ ಬಂದೂಕು, ಎಂಟನೆಯ ಬೋಲ್ಟು

1943ರಲ್ಲಿ ನಾನು ಸಂಸ್ಥಾನದ ಕಾಲಾಳು ಪಡೆಯೊಂದರಲ್ಲಿ ಹವಾಲ್ದಾರ್ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಸಿಪಾಯಿಗಳ ರೈಫಲ್ಲು, ಪಿಸ್ತೂಲು ಮುಂತಾದ ಕೈ ಆಯುಧಗಳನ್ನು ಪರೀಕ್ಷಿಸಿ ರಿಪೇರಿ ಮಾಡುವವನು. ನನ್ನ ಹೆಸರು ಖಾದರ್ ಎಂದಿದ್ದರೂ ಇಡೀ ಪಡೆಗೆ ನಾನು ಮಿಸ್ತ್ರಿ. ನಮ್ಮ ತಂದೆ ಸಂತೇಬೆನ್ನೂರಿನಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು. ಬೀಗದಿಂದ ಬಂದೂಕಿಗೆ ಬಹಳ ದೂರವೇನಿಲ್ಲ, ಎರಡರಲ್ಲೂ ಇರುವುದು ಸ್ಪ್ರಿಂಗು, ಕೊಕ್ಕೆ ಮತ್ತು ಹಲ್ಲು. ಬೀಗ ಕೆಟ್ಟರೆ ಬಾಗಿಲು ತೆರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಯುದ್ಧದ ಕಾಲ. ನಮ್ಮ ಪಡೆಯ ಹರೆಯದವರೆಲ್ಲ ಸಮುದ್ರ ದಾಟಿದ್ದರು. ವಯಸ್ಸಾದವರನ್ನು ತಾಲ್ಲೂಕು ಖಜಾನೆ, ಸರ್ಕಾರಿ ಧಾನ್ಯದ ಉಗ್ರಾಣಗಳ ಕಾವಲಿಗೆ ಹಾಕಿದ್ದರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನನ್ನ ಪಾಲಿಗೆ ಬಂದ ಠಾಣ್ಯಗಳು. ಒಂದೊಂದರಲ್ಲಿ ಎಂಟೆಂಟು ರೈಫಲ್ಲು, ಒಟ್ಟು ಮೂವತ್ತೆರಡು. ಆರು ತಿಂಗಳಿಗೊಮ್ಮೆ ಉಪಕರಣಗಳ ಪೆಟ್ಟಿಗೆ ಹೊತ್ತು ನಾಲ್ಕೂ ಊರು ಸುತ್ತಿ, ಪ್ರತಿ ಬಂದೂಕನ್ನೂ ಬಿಚ್ಚಿ ನೋಡಿ, ‘ಉಪಯೋಗಕ್ಕೆ ಯೋಗ್ಯ’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಯುದ್ಧದಲ್ಲಿ ಇದ್ದೆ, ಆದರೆ ಯುದ್ಧ ನೋಡಲಿಲ್ಲ ಎಂದು ಮನೆಯಾಕೆ ಈಗಲೂ ಚುಚ್ಚುವುದುಂಟು.

ಮುಂದಿನ ಸಂಗತಿ ತಿಳಿಯಬೇಕಾದರೆ ಬಂದೂಕಿನ ಒಂದು ಭಾಗದ ಪರಿಚಯ ಬೇಕು. ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ಕಡ್ಡಿಗೆ ಬೋಲ್ಟ್ ಎನ್ನುತ್ತಾರೆ. ಅದರ ಬಾಲದಲ್ಲಿ ಒಂದು ಹಲ್ಲು ಇರುತ್ತದೆ. ಬಂದೂಕಿನ ಮೈಯೊಳಗೆ ಸೀಯರ್ ಎಂಬ ಕೊಕ್ಕೆ. ಬೋಲ್ಟ್ ಮುಚ್ಚಿದಾಗ ಹಲ್ಲು ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ತಪ್ಪಿ ಗುಂಡು ಹಾರುತ್ತದೆ. ಹಲ್ಲು, ಕೊಕ್ಕೆ ಎರಡೂ ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ, ಹಳೆಯ ಗಂಡ ಹೆಂಡಿರ ಹಾಗೆ. ಆದ್ದರಿಂದಲೇ ಬಂದೂಕಿನ ಮೈಮೇಲೂ ಅದರ ಬೋಲ್ಟಿನ ಮೇಲೂ ಒಂದೇ ನಂಬರು ಕೊರೆದಿರುತ್ತಾರೆ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಬಾರದು. ಇದು ಆರ್ಮರರ್ ಕಲಿಯುವ ಮೊದಲ ದಿನದ ಪಾಠ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಹೊನ್ನಾಳಿಯ ಖಜಾನೆ ಗಾರ್ಡಿಗೆ ಹೋದೆ. ಗಾರ್ಡಿನ ಮುಖ್ಯಸ್ಥ ನಾಯಕ್ ಗಂಗಪ್ಪ, ಅಚ್ಚುಕಟ್ಟಿನ ಮನುಷ್ಯ. ಕೆಳಗಿದ್ದ ಸಿಪಾಯಿಗಳಲ್ಲಿ ಇಬ್ಬರ ವಿಷಯ ಹೇಳಬೇಕು. ಹಾಲೇಶಪ್ಪ ತ್ಯಾವಣಿಗೆಯವನು, ರುದ್ರಪ್ಪ ನಮ್ಮ ಸಂತೇಬೆನ್ನೂರಿನವನು. ಇಬ್ಬರೂ ಒಂದೇ ದಿನ ಪಡೆಗೆ ಸೇರಿ ಒಂದೇ ತಟ್ಟೆಯಲ್ಲಿ ಉಂಡವರು. ಆದರೆ ಆ ಹೊತ್ತಿಗೆ ಮಾತು ಬಿಟ್ಟಿದ್ದರು. ಹಾಲೇಶಪ್ಪ ಪಹರೆಯಲ್ಲಿ ತೂಕಡಿಸಿದ್ದನ್ನು ರುದ್ರಪ್ಪ ವರದಿ ಮಾಡಿದ್ದ. ಅದರಿಂದ ಹಾಲೇಶಪ್ಪನ ರಜೆ ರದ್ದಾಗಿ, ತಂಗಿಯ ಮದುವೆ ತಪ್ಪಿಹೋಗಿತ್ತು. ಎಲ್ಲರ ಎದುರಿಗೇ ಅವನು, “ನಿನ್ನ ಒಂದಿನ ನೋಡ್ಕೊಂತೀನಿ ರುದ್ರ” ಎಂದಿದ್ದ.

ಎಂಟೂ ಬೋಲ್ಟುಗಳನ್ನು ಒಂದೇ ಡಬ್ಬಿಯ ಸೀಮೆಎಣ್ಣೆಯಲ್ಲಿ ನೆನೆಹಾಕಿ ಒರೆಸಿ ಸಾಲಾಗಿ ಇಟ್ಟಿದ್ದೆ. ಅಷ್ಟರಲ್ಲಿ ನ್ಯಾಮತಿ ಕಡೆಯ ಬಸ್ಸಿನ ಹಾರನ್ ಕೇಳಿತು. ಪೆಟ್ರೋಲ್ ಇಲ್ಲದ ಆ ದಿನಗಳಲ್ಲಿ ಬಸ್ಸುಗಳು ಇದ್ದಿಲ ಹೊಗೆಯಿಂದ ಓಡುತ್ತಿದ್ದವು. ಒಲೆ ಹತ್ತಿ ಎಂಜಿನ್ ಹೊರಟಿತೆಂದರೆ ಡ್ರೈವರ್ ದೇವರು ಬಂದರೂ ಕಾಯುತ್ತಿರಲಿಲ್ಲ. ತಪ್ಪಿದರೆ ಮತ್ತೆ ಮರುದಿನವೇ. ಗಂಗಪ್ಪ, “ನಂಬರ್ ನೋಡ್ಕೊಳ್ರಿ ಮಿಸ್ತ್ರಿ ಸಾಬ್ರೇ” ಎಂದ. ನಾನು ನಕ್ಕೆ. “ಹದಿನಾಲ್ಕು ವರ್ಷದ ಕೈ ಇದು ಗಂಗಪ್ಪ. ಮುಟ್ಟಿದರೆ ಸಾಕು, ಯಾವುದು ಯಾವುದರದ್ದು ಅಂತ ತಿಳಿಯುತ್ತೆ” ಎಂದೆ. ಸಿಪಾಯಿಗಳು ಸುತ್ತ ನಿಂತಿದ್ದರು. ಕಣ್ಣು ಬಸ್ಸಿನ ಕಡೆ, ಕೈ ಬಂದೂಕಿನ ಕಡೆ. ಎಂಟನ್ನೂ ಚಕಚಕನೆ ಜೋಡಿಸಿಬಿಟ್ಟೆ. “ಭಲೇ” ಎಂದವರೂ ಇದ್ದರು. ಸಹಿ ಹಾಕಿ ಓಡಿದೆ. ಬಸ್ಸು ಸಿಕ್ಕಿತು.

ಮೇ ತಿಂಗಳಲ್ಲಿ ನಮ್ಮ ಪಡೆಯ ಆಯುಧ ರಿಪೇರಿಯ ಕಾರ್ಖಾನೆಗೆ ತಂತಿ ಬಂತು. ಹೊನ್ನಾಳಿ ಖಜಾನೆಯಲ್ಲಿ ಹಾಲೇಶಪ್ಪನ ಮೂರನೆಯ ನಂಬರಿನ ಬಂದೂಕಿನಿಂದ ಗುಂಡು ಹಾರಿ ರುದ್ರಪ್ಪನ ಮಂಡಿಗೆ ಬಿದ್ದಿದೆ, ಕಾಲು ತೆಗೆಯಬೇಕಾಗಿ ಬಂದಿದೆ, ಹಾಲೇಶಪ್ಪ ಬಂಧನದಲ್ಲಿದ್ದಾನೆ, ವಿಚಾರಣೆಗೆ ಆರ್ಮರರ್ ಕೂಡಲೇ ಹೊರಡಬೇಕು ಎಂದು. ಹಾಲೇಶಪ್ಪನ ಹೇಳಿಕೆ ಹೀಗಿತ್ತು. ಬೆಳಗಿನ ಪಹರೆ ಮುಗಿಸಿ, ತೋಟಾ ಇಳಿಸುವುದಕ್ಕೆ ಅಂಗಳದ ಮರಳಿನ ಪೆಟ್ಟಿಗೆಯ ಕಡೆ ಹೊರಟಿದ್ದ. ಅಲ್ಲಿ ತಲುಪುವ ಮುಂಚೆಯೇ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಕೀಲಿಯನ್ನು ಬಿಚ್ಚಿದ್ದ. ಅದು ತಪ್ಪು, ಒಪ್ಪಿಕೊಂಡ. ತಿರುಗುವಾಗ ಬಂದೂಕಿನ ಹಿಂಬದಿ ಕಲ್ಲುಕಂಬಕ್ಕೆ ತಗುಲಿತು, ಗುಂಡು ತಾನಾಗಿ ಹಾರಿತು, ಟ್ರಿಗರ್ ಮುಟ್ಟಿಲ್ಲ. ಆಸ್ಪತ್ರೆಯಲ್ಲಿದ್ದ ರುದ್ರಪ್ಪನ ಹೇಳಿಕೆ ಒಂದೇ ಸಾಲು: “ನನ್ನ ಮುಖ ನೋಡಿ ಹೊಡದಾನೆ.” ‘ನೋಡ್ಕೊಂತೀನಿ’ ಎಂದದ್ದಕ್ಕೆ ಆರು ಜನ ಸಾಕ್ಷಿಗಳಿದ್ದರು. ಬಂದೂಕು ತಾನಾಗಿ ಹಾರಬಲ್ಲದೇ ಇಲ್ಲವೇ ಎಂದು ಹೇಳಬೇಕಾದವನು ನಾನು. ಇಲ್ಲ ಎಂದರೆ ಹಾಲೇಶಪ್ಪನಿಗೆ ಕೊಲೆಯತ್ನದ ಮೇಲೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಮುದ್ರೆ ಒಡೆದು ಮೂರನೆಯ ಬಂದೂಕನ್ನು ಪರೀಕ್ಷಿಸಿದೆ. ಟ್ರಿಗರ್ ತೂಕ ಆರು ಪೌಂಡು, ಸರಿಯಾಗಿತ್ತು. ಬೋಲ್ಟಿನ ನಂಬರು ಮೂರು, ಸರಿಯಾಗಿತ್ತು. ಗುಂಡು ಮದ್ದಿಲ್ಲದ, ಬರೀ ಕೇಪು ಇರುವ ತೋಟಾ ಹಾಕಿ ಹಿಂಬದಿಯನ್ನು ಮರದ ದಿಮ್ಮಿಗೆ ಇಪ್ಪತ್ತು ಸಲ ಕುಟ್ಟಿದೆ. ಒಂದು ಸಲವೂ ಕೇಪು ಸಿಡಿಯಲಿಲ್ಲ. ‘ಆಯುಧದಲ್ಲಿ ದೋಷವಿಲ್ಲ. ಟ್ರಿಗರ್ ಎಳೆಯದೆ ಗುಂಡು ಹಾರಲಾರದು’ ಎಂದು ವರದಿ ಬರೆದೆ. ಮಾರ್ಚಿನಲ್ಲಿ ನಾನೇ ಸಹಿ ಮಾಡಿದ ಬಂದೂಕು ಅದು. ದೋಷವಿಲ್ಲ ಎಂದಾಗ ಮನಸ್ಸಿಗೆ ಸಮಾಧಾನವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಸಹಿಗೆ ಮುಂಚೆ ಆರೋಪಿಯ ಮಾತು ಕೇಳಬೇಕೆಂಬ ನಿಯಮವೇನೂ ಇರಲಿಲ್ಲ. ಹಾಲೇಶಪ್ಪನೇ ಹೇಳಿಕಳಿಸಿದ್ದರಿಂದ ಹೋದೆ. ಕಂಬಿಯ ಹಿಂದೆ ಕೂತಿದ್ದವನು ಎದ್ದು ನಿಂತ. ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

“ಮಿಸ್ತ್ರಿ ಸಾಬ್ರೇ, ನನಗೆ ಓದಾಕೆ ಬರಲ್ಲ. ನಂಬರ್ ಗಿಂಬರ್ ಗೊತ್ತಿಲ್ಲ. ಆದ್ರೆ ನೀವು ಬಂದು ಹೋದ ಮೇಲೆ ಆ ಬಂದೂಕು ನಂದಾಗಿರ್ಲಿಲ್ಲ ನೋಡ್ರಿ. ಮೊದ್ಲು ಬೋಲ್ಟ್ ಹಾಕಿದ್ರೆ ಟಕ್ ಅಂತಿತ್ತು. ಆಮೇಲೆ ಮೆತ್ತಗೆ ಕೂರ್ತಿತ್ತು, ಸದ್ದೇ ಇಲ್ಲ. ನಾಯಕ್ರಿಗೆ ಹೇಳ್ದೆ. ಮಿಸ್ತ್ರಿ ಕೈಯಾಗೆ ಆಗಿ ಬಂದೈತೆ, ಸುಮ್ಕಿರು ಅಂದ್ರು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನ ಸ್ಥಿತಿ ಹಾಗಾಯಿತು. ಇದ್ದಿಲ ಬಸ್ಸಿನ ಹಾರನ್ ಮತ್ತೆ ಕೇಳಿದಂತಾಯಿತು. ನೇರವಾಗಿ ಗಂಗಪ್ಪನ ಬಳಿಗೆ ಹೋಗಿ, ಗುಂಡು ಹಾರಿದ ಮೇಲೆ ಬಂದೂಕುಗಳನ್ನು ಯಾರಾದರೂ ಮುಟ್ಟಿದರೇ ಎಂದು ಕೇಳಿದೆ. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ನಾನೇ ಮುಟ್ಟಿದ್ದು ಸಾಬ್ರೇ. ಸೀಲ್ ಮಾಡೋಕೆ ಮುಂಚೆ ಎಲ್ಲ ಒರೆಸಿ ಇಡಾನ ಅಂತ ಬಿಚ್ಚಿದೆ. ಮೂರನೇದ್ರಾಗೆ ಎಂಟನೇ ಬೋಲ್ಟ್, ಎಂಟನೇದ್ರಾಗೆ ಮೂರನೇದು ಇತ್ತು. ಸರಿ ಮಾಡಿ ಹಾಕಿದೆ. ಸಾಹೇಬ್ರು ಬಂದು ನೋಡಿದ್ರೆ ನಿಮ್ಗೂ ನಮ್ಗೂ ಮರ್ಯಾದೆ ಹೋಗ್ತಿತ್ತಲ್ರೀ.”

ಅವನಿಗೆ ಅದು ಬರೀ ಅಚ್ಚುಕಟ್ಟಿನ ಪ್ರಶ್ನೆ. ಹಿರಿಯ ಅಧಿಕಾರಿ ಬರುವ ಮುಂಚೆ ಗುಂಡಿ ಹಾಕಿಕೊಳ್ಳುವ ಹಾಗೆ ನಂಬರು ಸರಿಪಡಿಸಿದ್ದ. ನನ್ನ ಮಾನ ಉಳಿಸುವ ಉಪಕಾರದಲ್ಲಿ ಇನ್ನೊಬ್ಬನ ಬದುಕಿಗಿದ್ದ ಏಕೈಕ ಸಾಕ್ಷಿಯನ್ನು ಅಳಿಸಿದ್ದೇನೆಂಬುದು ಅವನಿಗೆ ಹೊಳೆದಿರಲಿಲ್ಲ.

ಎಂಟನೆಯ ಬೋಲ್ಟನ್ನು ಮೂರನೆಯ ಬಂದೂಕಿಗೆ ಹಾಕಿದೆ. ಮೆತ್ತಗೆ ಕೂತಿತು, ಸದ್ದಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಮೂರರ ಕೊಕ್ಕೆಯೂ ಸವೆದಿತ್ತು, ಎಂಟರ ಹಲ್ಲೂ ಸವೆದಿತ್ತು. ತಮ್ಮ ತಮ್ಮ ಜೋಡಿಯ ಜೊತೆ ಎರಡೂ ಗಟ್ಟಿ. ಇವೆರಡೂ ಸೇರಿದರೆ ಹಿಡಿತ ಉಗುರಿನ ಅಂಚಿನಷ್ಟು. ಕೇಪು ಹಾಕಿ ದಿಮ್ಮಿಗೆ ಕುಟ್ಟಿದೆ. ಮೂರನೆಯ ಏಟಿಗೆ ಸಿಡಿಯಿತು. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ.

ಆಮೇಲಿನ ಒಂದು ಗಂಟೆ ನನ್ನ ನೌಕರಿಯಲ್ಲೇ ಕೆಟ್ಟ ಗಂಟೆ. ಬರೆದ ವರದಿ ಮೇಜಿನ ಮೇಲಿತ್ತು, ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಂಗಪ್ಪ ಬಾಯಿ ಬಿಡುವವನಲ್ಲ. ಓದು ಬಾರದ ಸಿಪಾಯಿಯ ‘ಟಕ್’ ಎಂಬ ಸದ್ದನ್ನು ಯಾವ ಅಧಿಕಾರಿ ನಂಬುತ್ತಾನೆ? ಮುಂದಿನ ವರ್ಷ ನನಗೆ ಜಮಾದಾರ್ ಪದವಿ ಬರುವುದಿತ್ತು. ಇದನ್ನೆಲ್ಲ ಯೋಚಿಸಿದೆ, ಯೋಚಿಸಲೇ ಇಲ್ಲ ಎಂದು ಹೇಳಿ ದೊಡ್ಡ ಮನುಷ್ಯನಾಗುವ ಆಸೆ ನನಗಿಲ್ಲ. ಕೊನೆಗೆ ನನ್ನನ್ನು ಎಬ್ಬಿಸಿದ್ದು ಧರ್ಮಬುದ್ಧಿಗಿಂತ ಹೆಚ್ಚಾಗಿ ನಾಚಿಕೆ. ನಂಬರು ಓದಬಲ್ಲ ನನಗೆ ತಿಳಿಯದ್ದು, ಓದಲು ಬಾರದವನಿಗೆ ಸದ್ದಿನಿಂದ ತಿಳಿದಿತ್ತು. ವರದಿಯನ್ನು ಹರಿದು ಹಾಕಿದೆ.

ವಿಚಾರಣೆ ನಡೆದದ್ದು ಹೊನ್ನಾಳಿಯ ಮುಸಾಫಿರಿ ಬಂಗಲೆಯಲ್ಲಿ, ಒಬ್ಬ ಮೇಜರ್ ಮತ್ತು ಇಬ್ಬರು ಅಧಿಕಾರಿಗಳ ಮುಂದೆ. ಮೊದಲು ಮೂರನೆಯ ಬೋಲ್ಟ್ ಹಾಕಿ ಇಪ್ಪತ್ತು ಸಲ ಕುಟ್ಟಿ ತೋರಿಸಿದೆ. ಆಮೇಲೆ ಎಂಟನೆಯದು ಹಾಕಿದೆ. ಈ ಸಲ ಎರಡನೆಯ ಏಟಿಗೇ ಕೇಪು ಸಿಡಿದು, ಬರೆದುಕೊಳ್ಳುತ್ತಿದ್ದ ಗುಮಾಸ್ತರ ಲೇಖನಿ ಕೆಳಗೆ ಬಿತ್ತು. ಗಂಗಪ್ಪ ತಾನು ನಂಬರು ಸರಿಪಡಿಸಿದ್ದನ್ನು ತಡವರಿಸುತ್ತ ಹೇಳಿದ.

“ಹಾಗಾದರೆ ಮೊದಲು ಅದಲು ಬದಲು ಮಾಡಿದ್ದು ಯಾರು?” ಮೇಜರ್ ಕೇಳಿದರು.

“ನಾನು ಸಾರ್. ಮಾರ್ಚ್ ತಪಾಸಣೆಯಲ್ಲಿ. ನಂಬರು ಓದಲಿಲ್ಲ.”

“ಯಾಕೆ?”

“ಬಸ್ಸು ಹೊರಟಿತ್ತು ಸಾರ್.”

ಹೇಳಿದ ಮೇಲೆ ಆ ಉತ್ತರ ಎಷ್ಟು ಸಣ್ಣದು ಅನ್ನಿಸಿತು. ಅದಕ್ಕಿಂತ ದೊಡ್ಡ ಕಾರಣವನ್ನು ಹುಡುಕಿದರೂ ಇರಲಿಲ್ಲ. ಹಾಲೇಶಪ್ಪ ಕೊಲೆಯತ್ನದ ಆರೋಪದಿಂದ ಮುಕ್ತನಾದ. ಮುಂಚೆಯೇ ಸೇಫ್ಟಿ ಬಿಚ್ಚಿದ್ದಕ್ಕೆ ಏಳು ದಿನ ಬಂಧನ. ಗಂಗಪ್ಪನಿಗೆ ಛೀಮಾರಿ. ನಾನು ಹವಾಲ್ದಾರನಿಂದ ಒಂದು ಮೆಟ್ಟಿಲು ಕೆಳಗಿಳಿದು ನಾಯಕ್ ಆದೆ. ಜಮಾದಾರ್ ಪದವಿ ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಶಿಕ್ಷೆ ಕಡಿಮೆಯಾಯಿತೆಂದು ನನಗೆ ಅನ್ನಿಸಿದ್ದುಂಟು, ಹೆಚ್ಚಾಯಿತೆಂದು ಅನ್ನಿಸಿದ್ದಿಲ್ಲ.

ಹಿಂತಿರುಗುವ ದಾರಿಯಲ್ಲಿ ದಾವಣಗೆರೆಯ ಆಸ್ಪತ್ರೆಗೆ ಹೋದೆ. ರುದ್ರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಒಳ್ಳೆಯದಿತ್ತು.

“ಹಂಗಾರೆ ಹಾಲೇಶಿ ಬೇಕಂತ ಹೊಡೀಲಿಲ್ಲ?”

“ಇಲ್ಲ.”

ಗೋಡೆಯಿಂದ ನನ್ನ ಕಡೆಗೆ ಮುಖ ತಿರುಗಿಸಿದ. “ಕಾಲು ಹೋತು, ಹೋಗ್ಲಿ. ಒಂದು ತಿಂಗ್ಳು ಮಲಗಿ ಅವನ್ನ ಶಪಿಸೀನಿ ಸಾಬ್ರೇ. ಅವನ ಮನೆ ಹಾಳಾಗ್ಲಿ ಅಂದೀನಿ. ಅದನ್ನ ಹೆಂಗೆ ವಾಪಸ್ ತಗಳ್ಳಾದು? ಅವನಿಗೆ ಬರಾಕೆ ಹೇಳ್ರಿ.”

ಹೇಳಿದೆ. ಏಳು ದಿನದ ಬಂಧನ ಮುಗಿದ ದಿನವೇ ಹಾಲೇಶಪ್ಪ ಹೋದನಂತೆ. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿರಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಲ್ಲಿ ನನ್ನ ಕಥೆ ಮುಗಿಯುತ್ತದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಬಸ್ಸಿನ ಆತುರವಿದ್ದರೂ ನಂಬರು ಓದುವುದಕ್ಕೆ ಎರಡು ನಿಮಿಷ ಸಾಕಿತ್ತು. ಓದದೆಯೂ ನನಗೆ ಗೊತ್ತು ಎಂದು ನಾಲ್ಕು ಜನರ ಮುಂದೆ ತೋರಿಸಿಕೊಳ್ಳುವ ಹಮ್ಮು ನನಗಿತ್ತು. ಹೊಸಬ ಹೆದರಿಕೊಂಡು ಹೇಗೂ ಓದುತ್ತಾನೆ. ಓದಲೇಬೇಕಾದವನು ಕೈ ಪಳಗಿದವನು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ.

ಅದೇ ವರ್ಷ ಸೆಪ್ಟೆಂಬರಿನಲ್ಲಿ, ತೋಳಿನ ಮೇಲೊಂದು ಪಟ್ಟಿ ಕಡಿಮೆಯಾಗಿ, ಮತ್ತೆ ಹೊನ್ನಾಳಿಗೆ ಹೋದೆ. ಒಂದು ಬಂದೂಕು ಮುಗಿಯದೆ ಇನ್ನೊಂದರ ಬೋಲ್ಟ್ ತೆಗೆಯುತ್ತಿರಲಿಲ್ಲ. ಮೂರನೆಯದಕ್ಕೆ ಹೊಸ ಕೊಕ್ಕೆ ಹಾಕಿ, ಎರಡು ಸಲ ನಂಬರು ನೋಡಿ, ಹಾಲೇಶಪ್ಪನ ಕೈಗೆ ಕೊಟ್ಟೆ. ಅವನು ತೆಗೆದುಕೊಂಡು ಹೋಗಲಿಲ್ಲ. ಬೋಲ್ಟನ್ನು ಹೊರತೆಗೆದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಎಣ್ಣೆ ಒರೆಸಿ, ಕೊರೆದ ಗೆರೆಯ ಮೇಲೆ ಉಗುರು ಓಡಿಸಿದ.

“ಮೂರು” ಎಂದ. ಆ ಮಳೆಗಾಲದಲ್ಲಿ ಯಾರಿಂದಲೋ ಅಂಕಿ ಓದಲು ಕಲಿತಿದ್ದ. ಆಮೇಲೆ ಬಂದೂಕಿನ ಮೈಮೇಲೂ ಬೆರಳಿಟ್ಟು ಓದಿದ. “ಇದೂ ಮೂರು.”

ಅವನನ್ನು ಜೈಲಿನಿಂದ ಉಳಿಸಿದವನು ನಾನು ಎಂದು ಊರೆಲ್ಲ ಹೇಳುತ್ತಿದ್ದರು. ಅವನು ಬೋಲ್ಟನ್ನು ನನ್ನ ಕಡೆ ಚಾಚಿದ.

“ನೀವೂ ಒಂದ್ಸಲ ಓದ್ರಿ ಸಾಬ್ರೇ” ಎಂದ.

ಓದಿದೆ.