ಹೆಣ್ಣಿನ ತಂದೆ ಆರಿಸಿದ ಪಾತ್ರ

ಗೆಳೆಯರೇ, ಇವತ್ತು ಗೋವಾದ ಫೋಂಡಾದಲ್ಲಿರುವ ನಮ್ಮ ರೂಮಿನಲ್ಲಿ ದಾಳ ಹಾಕಿ ಆಡುವ ರಾಜ-ರಾಕ್ಷಸರ ಕಥೆಯಾಟ ನಡೆದಿತ್ತು. ಅಷ್ಟರಲ್ಲಿ ನನ್ನ ರೂಮ್‌ಮೇಟ್ ಶ್ರೀಧರನನ್ನು ನೋಡಲು ಹೆಣ್ಣಿನ ತಂದೆ ಧಾರವಾಡದಿಂದ ಬಂದೇ ಬಿಟ್ಟರು. "ನಾನೂ ಆಡ್ತೀನ್ರಿ" ಎಂದು ನಮ್ಮ ನಡುವೆಯೇ ಕುಳಿತರು.

ನಾನು ಉತ್ಸಾಹದಿಂದ, "ಯೋಧ, ಮಂತ್ರವಾದಿ, ಕಳ್ಳ, ವೈದ್ಯ. ಯಾರಾಗ್ತೀರಿ? ಹೊಸಬ್ರಿಗೆ ಯೋಧ ಚಲೋರಿ. ಶ್ರೀಧರನೂ ಯೋಧನ" ಎಂದೆ.

"ಈಗ ಅವರ ಯೋಧ ಎಲ್ಲಿದ್ದಾನ್ರಿ?"

"ಸಾರಾಯಿ ಅಂಗಡ್ಯಾಗ್ರಿ. ಎಲ್ಲಾ ಕಥಿನೂ ಅಲ್ಲಿಂದನ ಶುರು ಆಗ್ತಾವ."

ಅವರು ಶ್ರೀಧರನನ್ನು ದಿಟ್ಟಿಸಿದರು. "ಗೋವಾದಾಗಿದ್ರೂ ಮುಟ್ಟಂಗಿಲ್ಲ ಅಂದಿದ್ರಲ್ಲ?"

"ಅದು ಆಟದಾಗ್ರೀ!" ಶ್ರೀಧರ ಬೆವರಿದ.

"ಇರ್ಲಿ. ನಾ ವೈದ್ಯ ಆಗ್ತೀನಿ. ಮೊದಲ ಇವರ ಲಿವರ್ ನೋಡೂಣು."

ಹೆಣ್ಣು ಕೊಡುವ ಮಾತು ಇನ್ನೂ ಬಂದಿಲ್ಲ. ವೈದ್ಯರು ಮಾತ್ರ ಮುಂದಿನ ಭಾನುವಾರವೂ ಬರುತ್ತಾರಂತೆ.