ಪಡಸಾಲೆಯಲ್ಲಿ ಕೊರಿಯಾ ಸಪ್ತಾಹ

ಗೆಳೆಯರೇ, ನನ್ನ ಮಗಳಿಗೆ ಪ್ರಾಣವಾದ ಕೊರಿಯಾದ ಐದು ಹುಡುಗಿಯರ ಹೊಸ ಹಾಡಿನ ವಿಡಿಯೋ ಇವತ್ತು ಬೆಳಿಗ್ಗೆ ಬಂತು. ಮೊದಲ ದಿನ ಜನ ಎಷ್ಟು ಸಲ ನೋಡುತ್ತಾರೋ ಅಷ್ಟು ಅವರ ಹೆಸರು ಉಳಿಯುತ್ತದಂತೆ. ಮಧ್ಯಾಹ್ನ ಕೊಟ್ಟೂರಿನ ನನ್ನ ಬೀಜದಂಗಡಿಯಿಂದ ಊಟಕ್ಕೆ ಬಂದರೆ, ನಾನು ಮನೆಯಲ್ಲೇ ಮರೆತಿದ್ದ ಫೋನೂ ಸೇರಿ ಮೂರು ಫೋನುಗಳು ಪಡಸಾಲೆಯಲ್ಲಿ ಹಾಡುತ್ತಿದ್ದವು. ಕಾಲೇಜಿಗೆ ಹೋಗುವ ಮುಂಚೆ ಮಗಳು ತನ್ನ ಅಜ್ಜಿಯನ್ನು, ಅಂದರೆ ನಮ್ಮವ್ವನನ್ನು, ಕಾವಲಿಗೆ ಕೂರಿಸಿದ್ದಳು.

ನನ್ನ ಫೋನಿಗೆ ಕೈ ಹಾಕಿದೆ. ಅವ್ವ ಗದರಿದಳು:

"ಇಡಲೇ ಕೆಳಗ. ಸಪ್ತಾಹದ ಭಜನಿ ನಡುವ ನಿಲ್ಲಿಸ್ತಾರೇನು?"

"ಆ ಹುಡುಗೇರು ಯಾರಂತ ಗೊತ್ತೇನಬೇ ನಿನಗ?"

"ಗೊತ್ತಿಲ್ಲ. ಪಾಪ, ಕುಣಿದು ಕುಣಿದು ಸೊರಗ್ಯಾವ. ಅಷ್ಟು ದೂರದಾಗ ಅದಾವ, ನಾವು ನೋಡಲಿಲ್ಲಂದ್ರ ಯಾರು ನೋಡ್ಬೇಕು? ಉಂಡು ಬಾ, ಎರಡರಿಂದ ನಾಲ್ಕು ನಿನ್ನ ಪಾಳಿ. ನಾ ಒಂಚೂರು ಅಡ್ಡಾಗ್ತೀನಿ."

ನನ್ನ ಪಾಳಿಯಲ್ಲಿ ನನಗೆ ಫೋನ್ ಮಾಡಿದ ಮೂವರೂ ಕೇಳಿ, ಹಾಡು ನಡುವೆ ನಿಂತದ್ದು ನಿಮ್ಮಿಂದ. ಅವ್ವ ಎದ್ದು ವಿಚಾರಿಸಿದಾಗ ನಿಮ್ಮ ಹೆಸರುಗಳನ್ನೇ ಹೇಳಿದ್ದೇನೆ. ಎಂಟು ದಿನ ನಮ್ಮ ಮನೆ ಕಡೆ ಸುಳಿಯಬೇಡಿ.